ದೋಣಿ ಬ್ಯಾಟರಿ, ಹುಮನಾಬಾದ್ ಹೈವೇ: ಸುಟ್ಟು ಕಲಿತ ಪಾಠಗಳ ಕಥೆ

ಇವತ್ತಿನ ಎಪಿಸೋಡ್ ದೋಣಿ ಬ್ಯಾಟರಿ ಬಗ್ಗೆ. ಹೌದು, ದೋಣಿ. ಹುಮನಾಬಾದ್‌ನಲ್ಲಿ ಕೂತು ದೋಣಿ ಮಾತಾಡೋದು ಅಂದ್ರೆ ನಗು ಬರುತ್ತೆ, ಗೊತ್ತು. ಇಲ್ಲಿಂದ ಸಮುದ್ರ, ಮ್ಯಾಪ್ ಮೇಲೆ ನೇರ ಗೆರೆ ಎಳೆದು ಅಳೆದ್ರೂ, ಸುಮಾರು 400 ಕಿಲೋಮೀಟರ್ ದೂರ. ಕಲ್ಯಾಣಕ್ಕೂ ದೋಣಿಗೂ ಇರೋ ನಂಟು ಕೇಳಿದ್ರೆ ನಮಗೆ ನೆನಪಾಗೋ ಹೆಸರು ಒಂದೇ: ಅಂಬಿಗರ ಚೌಡಯ್ಯ. 12ನೇ ಶತಮಾನದ ಶರಣ, ದೋಣಿ ನಡೆಸೋದು ಅವನ ಕಾಯಕ. ಅವನ ದೋಣಿಗೆ ಬ್ಯಾಟರಿ ಇರಲಿಲ್ಲ ಬಿಡ್ರಿ.

ನಮ್ಮ ಕಡೆ ಹಡಗು ಅಂದ್ರೆ ಲಾರಿ. ಹೈದರಾಬಾದ್‌ನಿಂದ ಸೋಲಾಪುರ, ಪುಣೆ ಕಡೆಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದ್ ಮೇಲೆ ಹಾದು, ರಾಜೇಶ್ವರ ದಾಟಿ, ಬಸವಕಲ್ಯಾಣದ ಪಕ್ಕ ಸಸ್ತಾಪುರ ಬಂಗ್ಲಾ ಹತ್ತಿರ ಹೋಗುತ್ತೆ. ಹುಮನಾಬಾದ್‌ನಲ್ಲಿ ಅದನ್ನ ಇನ್ನೊಂದು ಹೆದ್ದಾರಿ ಕತ್ತರಿಸುತ್ತೆ: ನಾಂದೇಡ್, ಬೀದರ್ ಕಡೆಯಿಂದ ಬಂದು ಕಲಬುರಗಿ, ವಿಜಯಪುರ ಕಡೆ ಹೋಗೋ 50. ಬಸವಕಲ್ಯಾಣದಲ್ಲಿ ಲಾರಿ ಕೊಳ್ಳೋರು, ಲಾರಿ ಬಾಡಿ ಕಟ್ಟೋರು, ಲಾರಿ ರಿಪೇರಿ ಮಾಡೋರು ಎಷ್ಟು ಜನ ಅಂತ ಇಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಗಲ್ಲಿಯಲ್ಲಿ ಒಬ್ಬ ಡ್ರೈವರ್ ಕಾಕಾ ಇದ್ದೇ ಇರ್ತಾರೆ.

ಈ ಲಾರಿಗಳಲ್ಲಿ ಬ್ಯಾಟರಿ ಹೋಗುತ್ತೆ. ಇನ್ವರ್ಟರ್ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿ, ಮೊಬೈಲ್ ಟವರ್ ಬ್ಯಾಟರಿ, ಈಗ ಎಲೆಕ್ಟ್ರಿಕ್ ಸ್ಕೂಟರ್‌ನ ಲಿಥಿಯಂ ಬ್ಯಾಟರಿ. ಅವನ್ನ ಹೇಗೆ ಕಟ್ಟಬೇಕು, ಹೇಗೆ ಇಡಬೇಕು, ಯಾವುದರ ಪಕ್ಕ ಇಡಬಾರದು ಅನ್ನೋ ಜ್ಞಾನದ ದೊಡ್ಡ ಭಾಗ ಬಂದಿದ್ದು ರಸ್ತೆಯಿಂದಲ್ಲ, ನೀರಿನ ಮೇಲಿಂದ. ದೋಣಿ, ಹಡಗು, ಸಬ್‌ಮರೀನ್‌ನಲ್ಲಿ ಜನ ಸತ್ತು ಕಲಿಸಿದ ಪಾಠ ಅದು. ಪಾಠ ನಿಯಮ ಆಯ್ತು, ನಿಯಮ ಕಾಗದ ಆಯ್ತು. ಆ ಕಾಗದ ನಮ್ಮ ಹೈವೇ ಮೇಲಿನ ಲಾರಿ ಕ್ಯಾಬಿನ್‌ವರೆಗೂ ಬಂತಾ ಅನ್ನೋದು ಈ ಎಪಿಸೋಡ್‌ನ ಪ್ರಶ್ನೆ.

ಶುರುವಿನಿಂದ ಬರೋಣ. 1838, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್. ಮೊರಿಟ್ಸ್ ಯಾಕೋಬಿ ಅನ್ನೋ ವಿಜ್ಞಾನಿ ನೆವಾ ನದಿಯಲ್ಲಿ ಕರೆಂಟ್ ಮೋಟರ್‌ನ ದೋಣಿ ಓಡಿಸಿದ. ದುಡ್ಡು ಕೊಟ್ಟಿದ್ದು ಝಾರ್ ದೊರೆ ಮೊದಲನೇ ನಿಕೊಲಾಸ್‌ನ ಸರ್ಕಾರ. ಅಂದ್ರೆ ಕರೆಂಟ್ ಕಾರು, ಕರೆಂಟ್ ಸ್ಕೂಟರ್ ಬರೋಕೂ ಎಷ್ಟೋ ವರ್ಷ ಮೊದಲೇ ಬ್ಯಾಟರಿ ಸವಾರಿ ಮಾಡಿದ್ದು ದೋಣಿಯಲ್ಲಿ. ಮುಂದಿನ ವರ್ಷ ಯಾಕೋಬಿ ಇನ್ನೂ ಜೋರಾದ ಗ್ರೋವ್ ಸೆಲ್ ಹಾಕಿದ. ಅದರಲ್ಲಿ ನೈಟ್ರಿಕ್ ಆಮ್ಲ ಇರುತ್ತೆ. ಕೆಲಸ ಮಾಡುವಾಗ ಕಂದು ಬಣ್ಣದ ವಿಷದ ಹೊಗೆ ಬಿಡೋದು ಅದರ ಸ್ವಭಾವ. ನದಿ ಮೇಲೆ ಗಾಳಿ ಬೀಸ್ತಾ ಇರುತ್ತೆ, ಹಂಗಾಗಿ ಹೇಗೋ ನಡೀತು. ಅದೇ ಸೆಲ್‌ಗಳನ್ನ ಮುಚ್ಚಿದ ಕೋಣೆಯಲ್ಲಿ ಇಟ್ಟಿದ್ರೆ ಅಂತ ಒಂದು ಸಲ ಯೋಚನೆ ಮಾಡಿ.

ಆಗಿನ ಬ್ಯಾಟರಿಗಳನ್ನ ಚಾರ್ಜ್ ಮಾಡೋಕೆ ಬರ್ತಿರಲಿಲ್ಲ. 1859ರಲ್ಲಿ ಫ್ರಾನ್ಸ್‌ನ ಗಾಸ್ಟೋನ್ ಪ್ಲಾಂಟೆ ಸೀಸದ ತಗಡು, ಗಂಧಕಾಮ್ಲ ಸೇರಿಸಿ ಮತ್ತೆ ಮತ್ತೆ ಚಾರ್ಜ್ ಆಗೋ ಬ್ಯಾಟರಿ ಮಾಡಿದ. ನಿಮ್ಮ ಮನೆ ಇನ್ವರ್ಟರ್ ಕೆಳಗೆ ಕೂತಿರೋ ಡಬ್ಬಿ ಅದರದೇ ಮೊಮ್ಮಗ. 1881ರಲ್ಲಿ ಕಮಿಲ್ ಫೋರ್ ಅನ್ನೋ ಇನ್ನೊಬ್ಬ ಫ್ರೆಂಚ್ ಎಂಜಿನಿಯರ್ ಆ ತಗಡುಗಳಿಗೆ ಸೀಸದ ಆಕ್ಸೈಡ್‌ನ ಹಿಟ್ಟು ಮೆತ್ತಿ ಅದರ ಶಕ್ತಿ ಹೆಚ್ಚಿಸಿದ.

ಇಲ್ಲೊಂದು ಘಟನೆ ನನಗೆ ಭಾರಿ ಇಷ್ಟ. 1881ರ ಮೇ ತಿಂಗಳಲ್ಲಿ ಫೋರ್‌ನ ನಾಲ್ಕು ಸೆಲ್‌ಗಳನ್ನ ಪ್ಯಾರಿಸ್‌ನಲ್ಲಿ ಚಾರ್ಜ್ ಮಾಡಿ, ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟು, ಸ್ಕಾಟ್ಲೆಂಡ್‌ನ ಗ್ಲಾಸ್ಗೋಗೆ ಕಳಿಸಿದ್ರು. ಪೆಟ್ಟಿಗೆಯ ಗಾತ್ರ ಸುಮಾರು ಒಂದು ಘನ ಅಡಿ. ಪ್ರಯಾಣ 72 ಗಂಟೆ, ನಡುವೆ ಸಮುದ್ರವೂ ಬಂತು. ಅಲ್ಲಿ ಅದನ್ನ ಬಿಚ್ಚಿದ್ದು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದವರು. ಫಿಜಿಕ್ಸ್ ಓದಿದವರಿಗೆ ಕೆಲ್ವಿನ್ ಗೊತ್ತಿರುತ್ತೆ, ನಾನು ಬಿ.ಕಾಂ. ಆದ್ರೂ ಕೇಳಿದ್ದೆ. ಪೆಟ್ಟಿಗೆಯೊಳಗೆ ಕರೆಂಟ್ ಇನ್ನೂ ಇತ್ತು! ಪತ್ರಿಕೆಗಳು ಅದನ್ನ ವಿದ್ಯುತ್ ತುಂಬಿದ ಪೆಟ್ಟಿಗೆ ಅಂತ ಸುದ್ದಿ ಮಾಡಿದವು. ಜಗತ್ತಿಗೆ ಕಂಡಿದ್ದು ಅಚ್ಚರಿ. ಲಾರಿ ಊರಿನ ನನಗೆ ಕಾಣೋದು ಬೇರೆ: ಫುಲ್ ಚಾರ್ಜ್ ಆದ, ಆಸಿಡ್ ತುಂಬಿದ ಬ್ಯಾಟರಿ ಮೂರು ದಿನ ರೈಲು, ಹಡಗು ಹತ್ತಿ ಇಳಿದಿದೆ. ಅದನ್ನ ಹೊತ್ತ ಹಮಾಲರಿಗೆ ಒಳಗೆ ಏನಿದೆ ಅಂತ ಯಾರಾದ್ರೂ ಹೇಳಿದ್ರಾ? ಅಪಾಯಕಾರಿ ಸರಕಿಗೆ ಇಡೀ ಜಗತ್ತಿಗೆ ಒಂದೇ ನಂಬರ್, ಒಂದೇ ಗುರುತು ಅನ್ನೋ ಪದ್ಧತಿ ಬರೋಕೆ ಇನ್ನೂ 75 ವರ್ಷ ಇತ್ತು.

ಆಮೇಲೆ ಬ್ಯಾಟರಿ ದೋಣಿಗಳ ಹಬ್ಬವೇ ಶುರುವಾಯ್ತು. ಅದೇ 1881ರಲ್ಲಿ ಗುಸ್ತಾವ್ ಟ್ರೂವೆ ಪ್ಯಾರಿಸ್‌ನ ಸೇನ್ ನದಿಯಲ್ಲಿ, 1882ರಲ್ಲಿ ಲಂಡನ್‌ನ ಥೇಮ್ಸ್‌ನಲ್ಲಿ 'ಎಲೆಕ್ಟ್ರಿಸಿಟಿ' ಅನ್ನೋ ಹೆಸರಿನ ದೋಣಿ. 1893ರ ಶಿಕಾಗೋ ಜಾಗತಿಕ ಮೇಳದಲ್ಲಿ ಐವತ್ತಕ್ಕೂ ಹೆಚ್ಚು ಬ್ಯಾಟರಿ ದೋಣಿಗಳು ಜನರನ್ನ ಸುತ್ತಾಡಿಸಿದವು. ಅದು ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಅದೇ ಮೇಳ. ಈ ದೋಣಿಗಳಲ್ಲಿ ಭಾರದ ಬ್ಯಾಟರಿಗಳನ್ನ ಕೆಳಗೆ, ಸೀಟಿನಡಿ, ಸಾಲಾಗಿ ಜೋಡಿಸ್ತಿದ್ರು. ದೋಣಿ ಓಲಾಡಬಾರದು ಅಂತ. ಮೇಲೆ ತೆರೆದ ಆಕಾಶ ಇತ್ತು, ಬಚಾವು.

ಆಕಾಶ ಮುಚ್ಚಿದಾಗ ಏನಾಗುತ್ತೆ ಅಂತ ತೋರಿಸಿದ್ದು ಸಬ್‌ಮರೀನ್.

ಸೀಸದ ಬ್ಯಾಟರಿಯಲ್ಲಿ ಎರಡು ಶತ್ರುಗಳು ಇವೆ. ಒಂದು, ಅದು ಚಾರ್ಜ್ ಆಗೋವಾಗ, ಅದರಲ್ಲೂ ಓವರ್‌ಚಾರ್ಜ್ ಆಗೋವಾಗ, ಒಳಗಿನ ನೀರು ಒಡೆದು ಹೈಡ್ರೋಜನ್ ಅನಿಲ ಹೊರಗೆ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದ್ರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಇನ್ನೊಂದು, ಆಸಿಡ್. ನಮ್ಮ ಕಡೆ ಹಳೇ ಮಿಸ್ತ್ರಿಗಳು ತೇಜಾಬ್ ಅಂತಾರಲ್ಲ, ಅದೇ. ಇದಕ್ಕೆ ಸಮುದ್ರದ ಉಪ್ಪುನೀರು ಸೇರಿದ್ರೆ ಕ್ಲೋರಿನ್ ಅನಿಲ ಹುಟ್ಟುತ್ತೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನ ಕೊಲ್ಲೋಕೆ ಬಳಸಿದ ಅದೇ ಕ್ಲೋರಿನ್.

1915ರ ಮಾರ್ಚ್ 25. ಹವಾಯಿಯ ಹೊನೊಲುಲು ಹತ್ತಿರ ಅಮೆರಿಕದ ಎಫ್-4 ಸಬ್‌ಮರೀನ್ ಮುಳುಗಿತು. 21 ಜನ ಸತ್ತರು. ಮೇಲೆತ್ತಿ ನೋಡಿದಾಗ ಬ್ಯಾಟರಿ ಇಟ್ಟಿದ್ದ ತೊಟ್ಟಿಯ ಸೀಸದ ಒಳಪದರ ಸವೆದು, ಅಲ್ಲಿಂದ ಸಮುದ್ರದ ನೀರು ಬ್ಯಾಟರಿ ಕೋಣೆಗೆ ನುಗ್ಗಿರಬೇಕು ಅನ್ನೋ ತೀರ್ಮಾನಕ್ಕೆ ತನಿಖೆ ಬಂತು. ಬಾಂಬ್ ಅಲ್ಲ, ಶತ್ರು ಅಲ್ಲ. ಬ್ಯಾಟರಿ ಇಡೋ ಜಾಗದ ಒಳಪದರ!

ಇದಕ್ಕೆ ಪರಿಹಾರ ನನ್ನ ಹತ್ತಿರ ಇದೆ ಅಂದಿದ್ದು ಯಾರು ಗೊತ್ತಾ? ಥಾಮಸ್ ಎಡಿಸನ್, ಬಲ್ಬಿನ ಎಡಿಸನ್. ಅವನ ನಿಕೆಲ್-ಕಬ್ಬಿಣದ ಬ್ಯಾಟರಿಯಲ್ಲಿ ಆಸಿಡ್ಡೇ ಇರಲಿಲ್ಲ. ಆಸಿಡ್ ಇಲ್ಲದಿದ್ರೆ ಕ್ಲೋರಿನ್ ಭಯ ಇಲ್ಲ. ನೌಕಾಪಡೆ ಇ-2 ಅನ್ನೋ ಸಬ್‌ಮರೀನ್‌ಗೆ ಅದನ್ನ ಹಾಕಿ ಪರೀಕ್ಷೆ ಶುರು ಮಾಡಿತು. 1916ರ ಜನವರಿ 15ಕ್ಕೆ ನ್ಯೂಯಾರ್ಕ್ ನೌಕಾ ಕಟ್ಟೆಯಲ್ಲಿ ನಿಂತಿದ್ದ ಇ-2 ಸ್ಫೋಟವಾಯ್ತು, 4 ಜನ ಸತ್ತರು. ಕಾರಣ ಹೈಡ್ರೋಜನ್. ಕ್ಲೋರಿನ್ ಬಾಗಿಲು ಮುಚ್ಚೋ ಭರದಲ್ಲಿ ಹೈಡ್ರೋಜನ್ ಕಿಟಕಿ ತೆರೆದೇ ಇತ್ತು. ಬ್ಯಾಟರಿ ಇತಿಹಾಸದಲ್ಲಿ ಇದು ಮತ್ತೆ ಮತ್ತೆ ಬರೋ ಕಥೆ: ಹೊಸ ಜಾತಿಯ ಬ್ಯಾಟರಿ ಬಂದಾಗ 'ಇದು ಸೇಫ್' ಅಂತಾರೆ. ಹಳೇ ಅಪಾಯದಿಂದ ಸೇಫ್ ಅಂತ ಅದರ ಅರ್ಥ. ಹೊಸದರ ಬಗ್ಗೆ ಆಗಿನ್ನೂ ಯಾರಿಗೂ ತಿಳಿದಿರಲ್ಲ.

ಇದೆಲ್ಲ ಅಮೆರಿಕದ ಹಳೇ ಕಥೆ ಅನ್ನಿಸಿದ್ರೆ ನಮ್ಮ ನೌಕಾಪಡೆಗೆ ಬನ್ನಿ. 2010ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಸಿಂಧುರಕ್ಷಕ್ ಸಬ್‌ಮರೀನ್‌ನ ಬ್ಯಾಟರಿ ಕೋಣೆಯಲ್ಲಿ ಬೆಂಕಿ ಬಿತ್ತು, ಒಬ್ಬ ನಾವಿಕ ಸತ್ತ. ಬ್ಯಾಟರಿಯ ಕೆಟ್ಟ ವಾಲ್ವ್‌ನಿಂದ ಹೈಡ್ರೋಜನ್ ಸೋರಿದ್ದು ಕಾರಣ ಅಂತ ನೌಕಾಪಡೆ ಹೇಳಿತು. 2014ರ ಫೆಬ್ರವರಿ 26ಕ್ಕೆ ಮುಂಬೈ ಹತ್ತಿರದ ಸಮುದ್ರದಲ್ಲಿ ಐಎನ್‌ಎಸ್ ಸಿಂಧುರತ್ನದ ಬ್ಯಾಟರಿ ಕೇಬಲ್‌ಗಳಿದ್ದ ಜಾಗದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಬಿಟ್ಟರು. ಅವತ್ತೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ರಾಜೀನಾಮೆ ಕೊಟ್ಟರು. ಎಷ್ಟೋ ಟ್ರೇನಿಂಗ್, ಎಷ್ಟೋ ಮೀಟರ್ ಇರೋ ಜಾಗದಲ್ಲೇ ಹೀಗಾದ್ರೆ, ಶಟರ್ ಇಳಿಸಿ ರಾತ್ರಿಯೆಲ್ಲ ಹತ್ತು ಬ್ಯಾಟರಿ ಚಾರ್ಜ್‌ಗೆ ಹಾಕಿ, ಅದೇ ಅಂಗಡಿಯಲ್ಲಿ ಹಾಸಿಗೆ ಹಾಸಿ ಮಲಗೋ ಹುಡುಗನ ಗತಿ ಏನು?

ಸರಿ, ನೀರಿನಿಂದ ರಸ್ತೆಗೆ ಬರೋಣ. ಪೆಟ್ರೋಲ್ ಗಾಡಿಯನ್ನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋ ಕಾಲ ಇತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದ ಮೇಲೆ ಪ್ರತಿ ಗಾಡಿಗೂ ಒಂದು ಬ್ಯಾಟರಿ ಬೇಕಾಯ್ತು. ನಮ್ಮ ಬೀದರ್ ಜಿಲ್ಲೆ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ 1932ರಲ್ಲಿ ಸರ್ಕಾರಿ ಬಸ್ ಸಾರಿಗೆ ಶುರುವಾಗಿದ್ದು 27 ಬಸ್‌ಗಳಿಂದ, ಅದೂ ರೈಲ್ವೆ ಇಲಾಖೆಯ ಕೈಕೆಳಗೆ. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯಲ್ಲಿ ಭಾರತೀಯ ಸೇನೆಯ ಮುಖ್ಯ ಪಡೆ ಸೋಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ರಾಜೇಶ್ವರ, ಜಹೀರಾಬಾದ್ ಅಂತ ಸಾಗಿದ್ದು ಇದೇ ದಾರಿಯಲ್ಲಿ. ಆ ಕಥೆಗೆ ಬೇರೆ ಎಪಿಸೋಡೇ ಬೇಕು. ಇಲ್ಲಿ ಹೇಳೋದು ಇಷ್ಟೇ: ದಾರಿ ಹಳೇದು, ಅದರ ಮೇಲೆ ಬರೋ ಸರಕು ಮಾತ್ರ ಬದಲಾಗ್ತಾ ಹೋಗಿದೆ.

ಆ ಹಳೇ ಕಾಲದ ಒಂದು ಪಳೆಯುಳಿಕೆ ಇವತ್ತೂ ನಮ್ಮ ಬ್ಯಾಟರಿ ಅಂಗಡಿಗಳಲ್ಲಿ ಸಿಗುತ್ತೆ. ಬ್ಯಾಟರಿಯನ್ನ ನೆಲಕ್ಕೆ ಇಡಬೇಡ, ಕೆಳಗೆ ಹಲಗೆ ಹಾಕು, ಇಲ್ಲಾಂದ್ರೆ ನೆಲ ಕರೆಂಟ್ ಎಳೆದುಕೊಳ್ಳುತ್ತೆ ಅಂತ ಹೇಳ್ತಾರಲ್ಲ? ಇದು ಪೂರ್ತಿ ಮೂಢನಂಬಿಕೆ ಅಲ್ಲ. ಮೊದಲಿನ ಬ್ಯಾಟರಿ ಅಂದ್ರೆ ಗಾಜಿನ ಜಾಡಿಗಳು, ಅವನ್ನ ಡಾಂಬರು ಬಳಿದ ಮರದ ಪೆಟ್ಟಿಗೆಯಲ್ಲಿ ಇಡ್ತಿದ್ರು. ಒದ್ದೆ ನೆಲದಲ್ಲಿ ಇಟ್ರೆ ಮರ ಉಬ್ಬಿ ಗಾಜು ಒಡೀತಿತ್ತು. ಆಮೇಲೆ ಗಟ್ಟಿ ರಬ್ಬರ್ ಪೆಟ್ಟಿಗೆ ಬಂತು, ಅದೂ ತೇವ ಹೀರ್ತಿತ್ತು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯಿಂದ ನೆಲಕ್ಕೆ ಕರೆಂಟ್ ಹೋಗಲ್ಲ. ಕಾರಣ ಹೋಯ್ತು, ಹಲಗೆ ಉಳೀತು. ಇರಲಿ ಬಿಡಿ, ಹಲಗೆಯಿಂದ ನಷ್ಟ ಏನೂ ಇಲ್ಲ. ಬೇಜಾರಿನ ಸಂಗತಿ ಅಂದ್ರೆ ಹಲಗೆ ಹಾಕೋ ಅದೇ ಅಂಗಡಿಯಲ್ಲಿ ಗಾಳಿ ಕಿಂಡಿ ಇರಲ್ಲ. ಪ್ರಾಣ ಉಳಿಸೋ ಪಾಠ ಬಿಟ್ಟು ಪೆಟ್ಟಿಗೆ ಉಳಿಸೋ ಪಾಠ ಮಾತ್ರ ತಲೆಮಾರು ದಾಟಿ ಬಂದಿದೆ.

ಈಗ ನಿಯಮಗಳಿಗೆ ಬರ್ತೀನಿ. ಬೋರ್ ಆಗಲ್ಲ, ಇರಿ. ವಿಶ್ವಸಂಸ್ಥೆ 1956ರಲ್ಲಿ ಅಪಾಯಕಾರಿ ಸರಕು ಸಾಗಣೆಯ ಶಿಫಾರಸುಗಳನ್ನ ಮೊದಲ ಸಲ ಪ್ರಕಟಿಸಿತು. ಕಿತ್ತಳೆ ಬಣ್ಣದ ಹೊದಿಕೆ ಇರೋದಕ್ಕೆ ಅದನ್ನ ಆರೆಂಜ್ ಬುಕ್ ಅಂತಲೇ ಕರೀತಾರೆ. ಹಡಗುಗಳಿಗೆ ಐಎಂಡಿಜಿ ಅನ್ನೋ ನಿಯಮಾವಳಿ 1965ರಲ್ಲಿ ಬಂತು, 2004ರ ಜನವರಿ 1ರಿಂದ ಅದು ಕಡ್ಡಾಯ. ಈ ಪದ್ಧತಿಯಲ್ಲಿ ಪ್ರತಿ ಅಪಾಯಕಾರಿ ವಸ್ತುವಿಗೆ ನಾಲ್ಕು ಅಂಕಿಯ ಒಂದು ನಂಬರ್ ಇದೆ. ಆಸಿಡ್ ತುಂಬಿದ ಬ್ಯಾಟರಿಗೆ ಯುಎನ್ 2794. ಆಸಿಡ್ ಚೆಲ್ಲದ ಹಾಗೆ ಸೀಲ್ ಮಾಡಿದ ಬ್ಯಾಟರಿಗೆ 2800. ಇವೆರಡೂ 8ನೇ ವರ್ಗ, ಅಂದ್ರೆ ಚರ್ಮ, ಲೋಹ ಕೊರೆಯೋ ವಸ್ತು. ಲಿಥಿಯಂ ಅಯಾನ್ ಬ್ಯಾಟರಿಗೆ 3480, ಅದು 9ನೇ ವರ್ಗ. ಫೈರ್ ಬ್ರಿಗೇಡ್‌ನವರು ದೂರದಿಂದ ಆ ನಂಬರ್ ಓದಿದ್ರೆ ಸಾಕು, ಎದುರಿಗೆ ಇರೋದು ಆಸಿಡ್ಡೋ, ಲಿಥಿಯಮ್ಮೋ, ಹೇಗೆ ಹತ್ತಿರ ಹೋಗಬೇಕು ಅಂತ ಗೊತ್ತಾಗುತ್ತೆ.

ಈಗ ಕಾಮರ್ಸ್ ಹುಡುಗನಾಗಿ ಒಂದು ಮಾತು. ಡಿಗ್ರಿ ಮುಗಿಸಿ ಸ್ವಲ್ಪ ದಿನ ನಾನು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನ ಲೆಕ್ಕ ಬರೀತಿದ್ದೆ. ಬಿಲ್ಟಿ, ಇನ್‌ವಾಯ್ಸ್, ಇ-ವೇ ಬಿಲ್. 50,000 ರೂಪಾಯಿ ಮೇಲಿನ ಸರಕಿಗೆ ಇ-ವೇ ಬಿಲ್ ಬೇಕು, ಅದರಲ್ಲಿ ಎಚ್‌ಎಸ್‌ಎನ್ ಕೋಡ್ ಇರಬೇಕು. ಬ್ಯಾಟರಿಗೆ 8507. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರೋ ವ್ಯಾಪಾರಿ ನಾಲ್ಕು ಅಂಕಿ ಬರೆದ್ರೆ ಸಾಕು. ಆರು ಅಂಕಿ ಬರೆದ್ರೆ 850710 ಅಂದ್ರೆ ಗಾಡಿ ಸ್ಟಾರ್ಟ್ ಮಾಡೋ ಸೀಸದ ಬ್ಯಾಟರಿ, 850760 ಅಂದ್ರೆ ಲಿಥಿಯಂ ಅಯಾನ್ ಅಂತ ಬೇರೆ ಬೇರೆ ಆಗುತ್ತೆ. ನಾಲ್ಕಕ್ಕೆ ನಿಂತ್ರೆ ಎರಡೂ ಒಂದೇ. ತೆರಿಗೆ ಲೆಕ್ಕಕ್ಕೆ ಅದು ನಡೆಯುತ್ತೆ. ಬೆಂಕಿ ಲೆಕ್ಕಕ್ಕೆ ನಡೆಯಲ್ಲ. ದಾರಿಯಲ್ಲಿ ತೆರಿಗೆ ಇಲಾಖೆಯವರು ಲಾರಿ ನಿಲ್ಲಿಸಿ ಕೇಳೋದು ಎಚ್‌ಎಸ್‌ಎನ್. ಅದು ತಪ್ಪಿದ್ರೆ ದಂಡ, ಹಂಗಾಗಿ ಎಲ್ಲರೂ ಜೋಪಾನವಾಗಿ ಬರೀತಾರೆ. ನಾನು ಲೆಕ್ಕ ಬರೆದ ಅಷ್ಟೂ ದಿನ ಆ ಆಫೀಸಿನ ಒಂದೇ ಒಂದು ಬಿಲ್ಟಿಯಲ್ಲಿ ಯುಎನ್ ನಂಬರ್ ನೋಡಲಿಲ್ಲ.

ಆಗ ಅಲ್ಲಿಗೆ ಬರ್ತಿದ್ದ ಒಬ್ಬ ಹಿರಿಯ ಡ್ರೈವರ್‌ಗೆ ಕೇಳಿದ್ದೆ, 'ಕಾಕಾ, ಹಿಂದ ಏನ್ ಮಾಲ್ ಅದ?'

'ಬಿಲ್ಟಿದಾಗ ಏನ್ ಬರದಾರೋ ಅದೇ ಮಾಲ್, ತಮ್ಮಾ.'

ಬಿಲ್ಟಿಯಲ್ಲಿ ಬರೆದಿದ್ದು 'ಎಲೆಕ್ಟ್ರಿಕಲ್ ಗೂಡ್ಸ್'.

ಕಾನೂನು ಇಲ್ಲ ಅಂತಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 129ರಿಂದ 137ರವರೆಗೆ ಇದೇ ವಿಷಯ. ಸರಕು ಕಳಿಸೋನು ಅದರ ಅಪಾಯದ ಮಾಹಿತಿ ಕೊಡಬೇಕು. ಲಾರಿ ಮಾಲೀಕ ಅದನ್ನ ಡ್ರೈವರ್‌ಗೆ ಬರಹದಲ್ಲಿ ಮುಟ್ಟಿಸಬೇಕು. ಡ್ರೈವರ್ ಅದನ್ನ ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳಬೇಕು, ಟ್ರೆಮ್ ಕಾರ್ಡ್ ಅಂತ ಕರೀತಾರೆ. ಗಾಡಿ ಮೇಲೆ ವರ್ಗದ ಗುರುತು, ಎಮರ್ಜೆನ್ಸಿ ಫೋನ್ ನಂಬರ್ ಇರೋ ಫಲಕ ಬೇಕು. 9ನೇ ನಿಯಮದ ಪ್ರಕಾರ ಇಂಥ ಸರಕಿನ ಡ್ರೈವರ್ ವಿಶೇಷ ತರಬೇತಿ ಪಡೆದಿರಬೇಕು. ಜೊತೆಗೆ ಸಂವಿಧಾನದ 8ನೇ ಅನುಸೂಚಿಯ ಒಂದು ಭಾರತೀಯ ಭಾಷೆ ಓದಿ ಬರೆಯೋಕೆ ಬರಬೇಕು, ಇಂಗ್ಲಿಷ್ ಕೂಡ ಬರಬೇಕು. ಈ ಕೊನೆಯ ಮಾತನ್ನ ಇನ್ನೊಂದು ಸಲ ಓದಿ. ಇಂಗ್ಲಿಷ್ ಕೂಡ. ನಿಯಮ ಬರೆದವರ ಲೆಕ್ಕ ಸರಳ: ಲೇಬಲ್ ಇಂಗ್ಲಿಷ್‌ನಲ್ಲಿ ಇರುತ್ತೆ, ಡ್ರೈವರ್ ಇಂಗ್ಲಿಷ್ ಕಲಿಯಲಿ. ಲೇಬಲ್ ಕನ್ನಡ, ಮರಾಠಿ, ತೆಲುಗು, ಉರ್ದುವಿನಲ್ಲೂ ಇರಲಿ ಅಂತ ಯಾಕೆ ಯೋಚಿಸಲಿಲ್ಲ? ಈ ಹೈವೇ ಒಂದರ ಮೇಲೇ ಈ ನಾಲ್ಕೂ ಭಾಷೆ ಕೇಳಿಬರುತ್ತೆ. ಇನ್ನು ಕ್ಲೀನರ್ ಹುಡುಗ. ಮಾಲು ಹತ್ತಿಸುವಾಗ ಮೇಲೆ ನಿಲ್ಲೋನು, ಹಗ್ಗ ಬಿಗಿಯೋನು, ರಾತ್ರಿ ಮಾಲಿನ ಮೇಲೇ ಟಾರ್ಪಾಲಿನ್ ಹೊದ್ದು ಮಲಗೋನು ಅವನೇ. ಅವನು ಏನು ಓದಬೇಕು ಅಂತ 9ನೇ ನಿಯಮ ಹೇಳಲ್ಲ.

ಲಿಥಿಯಂ ಬಂದ ಮೇಲೆ ಈ ಅಂತರ ಇನ್ನೂ ದೊಡ್ಡದಾಗಿದೆ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಮಾರುಕಟ್ಟೆಗೆ ತಂತು. ನೀವು ಇದನ್ನ ಓದ್ತಿರೋ ಫೋನ್‌ನಲ್ಲೂ ಅದೇ ಜಾತಿ. 2010ರ ಸೆಪ್ಟೆಂಬರ್ 3ಕ್ಕೆ ದುಬೈನಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನ ಹೊತ್ತಿ ಉರಿದು ಬಿತ್ತು, ಇಬ್ಬರೂ ಪೈಲಟ್‌ಗಳು ಸತ್ತರು. ಅದರಲ್ಲಿ 81,000ಕ್ಕೂ ಹೆಚ್ಚು ಲಿಥಿಯಂ ಬ್ಯಾಟರಿಗಳಿದ್ದವು. ಆ ಮೇಲಿನ ವರ್ಷಗಳಲ್ಲಿ ನಿಯಮ ಬಿಗಿಯಾಯ್ತು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನ ಸರಕಾಗಿ ಒಯ್ಯೋ ಹಾಗಿಲ್ಲ. ಸರಕು ವಿಮಾನದಲ್ಲಿ ಒಯ್ದರೂ ಚಾರ್ಜ್ ಶೇಕಡಾ 30 ಮೀರಬಾರದು. ಚಾರ್ಜ್ ಕಡಿಮೆ ಇದ್ದಷ್ಟು ಒಳಗಿನ ಬೆಂಕಿ ಮಂದ. ಪ್ಯಾರಿಸ್‌ನಿಂದ ಗ್ಲಾಸ್ಗೋಗೆ ಹೋದ ಆ ಪೆಟ್ಟಿಗೆ ನೆನಪಿದೆಯಲ್ಲ? ಅದರ ಹೆಚ್ಚುಗಾರಿಕೆಯೇ ಚಾರ್ಜ್ ತುಂಬಿಕೊಂಡು ಹೋಗಿದ್ದು. 135 ವರ್ಷ ಆದ ಮೇಲೆ ನಿಯಮ ಹೇಳ್ತಿರೋದು ಅದರ ಉಲ್ಟಾ.

ದೋಣಿಗೂ ಲಿಥಿಯಂ ಬಂತು. ನಮ್ಮ ಪಕ್ಕದ ಕೇರಳದಲ್ಲಿ 2017ರ ಜನವರಿಯಿಂದ ವೈಕಂ ಮತ್ತು ತವಣಕ್ಕಡವು ನಡುವೆ 75 ಜನರ 'ಆದಿತ್ಯ' ಸೋಲಾರ್ ದೋಣಿ ಓಡ್ತಿದೆ. 2023ರ ಏಪ್ರಿಲ್‌ನಲ್ಲಿ ಕೊಚ್ಚಿ ವಾಟರ್ ಮೆಟ್ರೋ ಶುರುವಾಯ್ತು. ಅವರು ಆರಿಸಿಕೊಂಡಿದ್ದು ಲಿಥಿಯಂ ಟೈಟನೇಟ್ ಅನ್ನೋ ಜಾತಿ. ದುಬಾರಿ, ಭಾರ ಜಾಸ್ತಿ, ಆದ್ರೆ ಬೆಂಕಿ ವಿಷಯದಲ್ಲಿ ತಾಳ್ಮೆಯ ಬ್ಯಾಟರಿ. ನನ್ನ ಪ್ರಕಾರ ಅದು ಜಾಣ ಆಯ್ಕೆ.

ನಾರ್ವೆಯಲ್ಲಿ ನಡೆದದ್ದು ಕೇಳಿದ್ರೆ ಜಾಣ ಅಂತ ಯಾಕೆ ಅಂದೆ ಅಂತ ತಿಳಿಯುತ್ತೆ. 2019ರ ಅಕ್ಟೋಬರ್ 10ರಂದು ಅಲ್ಲಿನ ಯುಟ್ಟರ್‌ಓಯ್ನಿಂಗೆನ್ ಅನ್ನೋ ಫೆರಿಯ ಬ್ಯಾಟರಿ ಕೋಣೆಯಲ್ಲಿ ಸಣ್ಣ ಬೆಂಕಿ. ಪ್ರಯಾಣಿಕರನ್ನ ಇಳಿಸಿದ್ರು, ಬೆಂಕಿ ಹತೋಟಿಗೆ ಬಂತು ಅಂದುಕೊಂಡ್ರು. ರಾತ್ರಿ ಕಳೆದು ಮರುದಿನ ಅದೇ ದೋಣಿಯಲ್ಲಿ ಅನಿಲ ಸ್ಫೋಟ! ಬೆಂಕಿ ನಂದಿಸೋಕೆ ಹೋಗಿದ್ದವರಲ್ಲಿ 12 ಜನರನ್ನ ಆಸ್ಪತ್ರೆಗೆ ಸೇರಿಸಬೇಕಾಯ್ತು. ಬಿಸಿಯಾದ ಲಿಥಿಯಂ ಬ್ಯಾಟರಿ ಉರಿಯದಿದ್ರೂ ಅನಿಲ ಬಿಡ್ತಾ ಇರುತ್ತೆ. ಅದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತೆ. ಉಪ್ಪುನೀರು ಹಾಯಿಸಿದ್ರೆ ಅದು ಕರೆಂಟ್ ಹರಿಸಿ ಹೊಸ ಶಾರ್ಟ್ ಮಾಡುತ್ತೆ. 1915ರ ಹೊನೊಲುಲುವಿನಲ್ಲಿ ಇದ್ದ ಅದೇ ಉಪ್ಪುನೀರು, ಅದೇ ಮುಚ್ಚಿದ ಕೋಣೆ. ಬ್ಯಾಟರಿ ಮಾತ್ರ ಬೇರೆ.

ನಮ್ಮ ಕರಾವಳಿಯಲ್ಲಿ ಸಮಸ್ಯೆ ಇಷ್ಟು ನಾಟಕೀಯ ಅಲ್ಲ. ಅಲ್ಲಿನ ಯಾಂತ್ರಿಕ ಮೀನುಗಾರಿಕೆ ದೋಣಿಗಳು ಡೀಸೆಲ್‌ನವು. ಎಂಜಿನ್ ಸ್ಟಾರ್ಟ್ ಮಾಡೋಕೆ, ದೀಪಕ್ಕೆ, ವೈರ್‌ಲೆಸ್‌ಗೆ, ಜಿಪಿಎಸ್‌ಗೆ ಬ್ಯಾಟರಿ ಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಮಲ್ಪೆ, ಮಂಗಳೂರು, ಕಾರವಾರದಲ್ಲಿ ದೋಣಿಗಳು ದಡ ಸೇರಿ ನಿಲ್ಲುತ್ತೆ. ಆ 61 ದಿನ ಬ್ಯಾಟರಿಗೆ ಕೆಲಸ ಇಲ್ಲ. ಸೀಸದ ಬ್ಯಾಟರಿಗೆ ರಜೆ ಅಂದ್ರೆ ಕಾಯಿಲೆ. ಸುಮ್ಮನೆ ಕೂತ್ರೂ ಚಾರ್ಜ್ ಇಳೀತಾ ಹೋಗುತ್ತೆ, ಇಳಿದಂತೆ ತಗಡುಗಳ ಮೇಲೆ ಸಲ್ಫೇಟ್ ಹರಳು ಕಟ್ಟುತ್ತೆ, ಅದು ಗಟ್ಟಿಯಾದ್ರೆ ಬ್ಯಾಟರಿ ಮತ್ತೆ ಏಳಲ್ಲ. ಅದಕ್ಕೇ ಒಳಗಿಡೋ ಮುಂಚೆ ಫುಲ್ ಚಾರ್ಜ್ ಮಾಡಿ, ನೆಗೆಟಿವ್ ತಂತಿ ಮೊದಲು ಬಿಚ್ಚಿ, ಗಾಳಿ ಆಡೋ ಒಣ ಜಾಗದಲ್ಲಿ ನೆಟ್ಟಗೆ ಇಟ್ಟು, ತಿಂಗಳಿಗೊಂದು ಸಲ ಚಾರ್ಜ್ ತುಂಬಿಸಬೇಕು. ಲಿಥಿಯಂ ಆದ್ರೆ ಫುಲ್ ಬೇಡ, ಅರ್ಧದ ಆಸುಪಾಸು ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತಲ್ಲ, ಆಗ ತಗಡಿನ ಶೆಡ್ಡಿನಲ್ಲಿ ಇಟ್ಟ ಬ್ಯಾಟರಿ ತಂಪು ಜಾಗದಲ್ಲಿ ಇಟ್ಟಿದ್ದಕ್ಕಿಂತ ಬೇಗ ಖಾಲಿ. ಮದುವೆ ಸೀಸನ್ ಮುಗಿದ ಮೇಲೆ ಡಿಜೆ ಗಾಡಿಯವರು ಮೂಲೆಗೆ ಹಾಕೋ ಬ್ಯಾಟರಿಗೂ ಇದೇ ಮಾತು.

ಲಾರಿಯವರಿಗೆ ಸಂಬಂಧಪಟ್ಟ ದೋಣಿ ಪಾಠವೂ ಇದೆ. ದೋಣಿಯಲ್ಲಿ ಬ್ಯಾಟರಿಯನ್ನ ಪೆಟ್ಟಿಗೆಯಲ್ಲಿ ಇಟ್ಟು, ಪಟ್ಟಿಯಿಂದ ಬಿಗಿದು, ಟರ್ಮಿನಲ್ ಮುಚ್ಚೋದು ಯಾಕೆ? ಅಲೆಗೆ ಅಲುಗಿ ಯಾವುದೋ ಪಾನಾ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ರೆ ಒಂದೇ ಕ್ಷಣಕ್ಕೆ ನೂರಾರು ಆಂಪಿಯರ್ ಹರಿದು ಪಾನಾ ಕೆಂಪಗೆ ಕಾಯುತ್ತೆ. ಲಾರಿಗೆ ಅಲೆ ಇಲ್ಲ, ಸ್ಪೀಡ್ ಬ್ರೇಕರ್ ಇದೆ. ಟರ್ಮಿನಲ್‌ಗೆ ಪ್ಲಾಸ್ಟಿಕ್ ಟೋಪಿ, ಅದಿಲ್ಲದಿದ್ರೆ ಇನ್ಸುಲೇಷನ್ ಟೇಪ್, ಹತ್ತಿಪ್ಪತ್ತು ರೂಪಾಯಿ ಖರ್ಚು. ಒಂದರ ಮೇಲೊಂದು ಬರೀ ಬ್ಯಾಟರಿ ಪೇರಿಸಬಾರದು, ನಡುವೆ ಹಲಗೆ ಇರಬೇಕು. ಇಲ್ಲಿ ಆ ಹಳೇ ಹಲಗೆಗೆ ನಿಜವಾದ ಕೆಲಸ ಇದೆ. ಮೇಂಟೆನೆನ್ಸ್ ಫ್ರೀ ಅಂತ ಬರೆದಿದ್ರೂ ಅದಕ್ಕೊಂದು ಸಣ್ಣ ಉಸಿರಿನ ತೂತು ಇರುತ್ತೆ, ಓವರ್‌ಚಾರ್ಜ್ ಆದ್ರೆ ಅದೂ ಅನಿಲ ಬಿಡುತ್ತೆ. ಆಸಿಡ್ ಚೆಲ್ಲಿದ್ರೆ ಅಡುಗೆ ಸೋಡಾ ಸುರಿದು ಬುರುಗು ನಿಲ್ಲೋವರೆಗೆ ಬಿಟ್ಟು ಆಮೇಲೆ ನೀರು. ಮೈಗೆ, ಕಣ್ಣಿಗೆ ಬಿದ್ರೆ ಸೋಡಾ ಹುಡುಕಬೇಡಿ. ತಕ್ಷಣ ನೀರು, ಹದಿನೈದು ಇಪ್ಪತ್ತು ನಿಮಿಷ ಬರೀ ನೀರು, ಆಮೇಲೆ ಡಾಕ್ಟರ್. ಉಬ್ಬಿದ ಲಿಥಿಯಂ ಬ್ಯಾಟರಿಯನ್ನ ಚಾರ್ಜ್‌ಗೂ ಹಾಕಬಾರದು, ಬೇರೆ ಮಾಲಿನ ಜೊತೆ ಲೋಡೂ ಮಾಡಬಾರದು.

ಕೊನೆಗೆ ಹಳೇ ಬ್ಯಾಟರಿ. ಅದು ವಾಪಸ್ ಹೋಗೋ ದಾರಿಯೂ ಇದೇ ಹೈವೇ. 2001ರ ನಿಯಮದಲ್ಲೇ ಡೀಲರ್ ಹಳೇ ಬ್ಯಾಟರಿ ವಾಪಸ್ ತಗೋಬೇಕು ಅಂತ ಇತ್ತು. 2022ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮ ಲಿಥಿಯಂ ಸೇರಿ ಎಲ್ಲ ಜಾತಿಗೂ ತಯಾರಕರನ್ನೇ ಹೊಣೆ ಮಾಡಿತು. ಕಾಗದದ ಮೇಲೆ ಚಂದ ಇದೆ. ಗುಜರಿಗೆ ಬ್ಯಾಟರಿ ಹೋಗೋದು ತೂಕದ ಲೆಕ್ಕದಲ್ಲಿ, ಆದ್ರೆ ರೇಟ್ ಇರೋದು ಸೀಸಕ್ಕೆ. ಆಸಿಡ್‌ಗೆ ರೇಟ್ ಇಲ್ಲ. ರೇಟ್ ಇಲ್ಲದ್ದನ್ನ ಚರಂಡಿಗೆ ಸುರೀತಾರೆ, ಸೀಸದ ಕಣವೂ ಅದರ ಜೊತೆ ಹೋಗುತ್ತೆ. ಇದು ಕೆಟ್ಟ ಜನರ ಕೆಲಸ ಅಂತ ನಾನು ಹೇಳಲ್ಲ, ಲೆಕ್ಕವೇ ಹಂಗೆ ಇದೆ. ಆಸಿಡ್ ಸಮೇತ ನೆಟ್ಟಗೆ ತಂದುಕೊಟ್ಟವನಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ನೋಡಿ, ಯಾವ ಭಾಷಣವೂ ಬೇಕಾಗಲ್ಲ.

ಈ ಎಪಿಸೋಡ್ ಕೇಳ್ತಿರೋರಲ್ಲಿ ಬ್ಯಾಟರಿ ಲೋಡ್ ಮಾಡೋರು, ಒಯ್ಯೋರು, ಗೋದಾಮಿನಲ್ಲಿ ಕೆಲಸ ಮಾಡೋರು ಇದ್ದೇ ಇರ್ತೀರಿ. ನಿಮ್ಮ ಕೈಗೆ ಬಂದ ಪೆಟ್ಟಿಗೆ ಮೇಲೆ ಎಚ್ಚರಿಕೆ ಯಾವ ಭಾಷೆಯಲ್ಲಿದೆ, ಬಿಲ್ಟಿಯಲ್ಲಿ ಏನಂತ ಬರೆದಿದ್ದಾರೆ, ಒಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಕಂಪನಿ ಹೆಸರೂ ಬೇಡ. ಕನ್ನಡದಲ್ಲಿ ಬರೆದ ಒಂದು ಪೆಟ್ಟಿಗೆ ಸಿಕ್ಕರೂ ಮುಂದಿನ ವಾರ ಮೊದಲು ಅದನ್ನೇ ಓದ್ತೀನಿ.